ಆ ಮಾತನ್ನು ಕೇಳಿಸಿಕೊಂಡವರು ಯಾರು?



ಹೋದ ಮಾಗಿಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆಯನ್ನು ಹತ್ತಿದ್ದೆ. ಬಿಸಿಲು ಏರುವ ವೇಳೆಗೆ ಅಕ್ಕತಂಗಿಯರ ಹೊಂಡದ ದಡವನ್ನು ಸೇರಿ, ಎಲ್ಲರನ್ನೂ ನೆರಳಿನಲ್ಲಿ ಕುಳ್ಳಿರಿಸಿ, ಕೊನೆಯ ಮದಕರಿನಾಯಕನ ಕಥೆಯನ್ನು ಹೇಳತೊಡಗಿದೆ. 1754ರಲ್ಲಿ ಪಟ್ಟವೇರಿದಾಗ ಅವನಿನ್ನೂ ಹುಡುಗ. 1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಹೇಳುತ್ತ ಹೇಳುತ್ತ ನನಗೇ ಆವೇಶ ಬಂದಿತು. ಕಡೆಯ ರಾತ್ರಿ ನಾಯಕನು ತನ್ನ ನಾಗತಿಯ ಕೈ ಹಿಡಿದು ಆಡಿದ ಮಾತುಗಳನ್ನೂ, ಆಕೆ ಕೊಟ್ಟ ಉತ್ತರವನ್ನೂ, ಶಾಸನವನ್ನು ಓದುವವನ ಗಾಂಭೀರ್ಯದಿಂದ ಹೇಳಿ ಮುಗಿಸಿದೆ. ಹುಡುಗಿಯರು ಕೆಲವರು ಕಣ್ಣೊರೆಸಿಕೊಂಡರು. ನನಗೆ ಸಮಾಧಾನವಾಯಿತು.

ಆಗ ಹೊಳಲ್ಕೆರೆಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಆ ಮಾತನ್ನು ಕೇಳಿಸಿಕೊಂಡವರು ಯಾರು?”

ನಿಜವನ್ನು ಹೇಳಬೇಕೆಂದರೆ, ಆ ಮಾತುಗಳನ್ನು ನಾನು ಎಂದೋ ಒಂದು ಕಾದಂಬರಿಯಲ್ಲಿ ಓದಿದ್ದೆ. ಯಾವ ಕಾದಂಬರಿಯೆಂಬುದೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ಕಣ್ಣೀರು ತರಿಸಿದ ಸಾಲುಗಳು, ನಾನು ಎಂ.ಎ. ಮುಗಿಸುವಷ್ಟರಲ್ಲಿ ಚರಿತ್ರೆಯ ವೇಷ ತೊಟ್ಟು ನನ್ನೊಳಗೆ ಕುಳಿತುಬಿಟ್ಟಿದ್ದವು. “ಹೊತ್ತಾಯಿತು, ಇಳಿಯೋಣ” ಎಂದು ಜಾರಿಕೊಂಡೆ. ಆದರೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ಆ ಪ್ರಶ್ನೆ ಕಾಲಿಗೆ ತೊಡರಿತು.

ಇದು ನನ್ನೊಬ್ಬನ ದೋಷವಲ್ಲವೆಂದು ತೋರುತ್ತದೆ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಎಂದರೆ ನಾವೆಲ್ಲ ಅಕ್ಕರೆಯಿಂದ ‘ತರಾಸು’ ಎಂದು ಕರೆಯುವ ಮಹನೀಯರು (1920–1984), ನಮ್ಮ ದುರ್ಗದ ನಾಯಕರನ್ನು ಕುರಿತು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು 1982ರಲ್ಲಿ ಹೊರಬಂದ ‘ದುರ್ಗಾಸ್ತಮಾನ’ದವರೆಗೆ ಕಾದಂಬರಿಗಳ ಒಂದು ಸಾಲನ್ನೇ ಬರೆದರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಅದನ್ನು ನೋಡಲು ಬರೆದವರು ಇರಲಿಲ್ಲ. ಅವರ ಕಾದಂಬರಿಗಳನ್ನು ಆಧರಿಸಿಯೇ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಜಯಂತಿಯವರು ಒನಕೆ ಓಬವ್ವನಾಗಿ ಬಂದರು. ಈಗ ಓಬವ್ವನ ಮುಖ ಹೇಗಿತ್ತೆಂದು ಕೇಳಿದರೆ ಊರಿನ ಬಹುಮಂದಿಯ ಕಣ್ಣಿಗೆ ಕಟ್ಟುವುದು ಆ ನಟಿಯ ಮುಖವೇ. ಕಥೆ ಯಾವುದು, ಚರಿತ್ರೆ ಯಾವುದು ಎಂಬ ಗೆರೆ ನಮ್ಮಲ್ಲಿ ಮಳೆಗಾಲದ ಕಾಲುದಾರಿಯಂತೆ ಅಳಿಸಿಹೋಗಿದೆ.

ಆದ್ದರಿಂದ ನಾನೊಂದು ಕೆಲಸ ಮಾಡಿದೆ. ಜಿಲ್ಲೆಯ ನಾಲ್ಕು ಊರುಗಳಲ್ಲಿ ಪರಿಚಿತ ಓದುಗರನ್ನು ಕಂಡು, “ದುರ್ಗಾಸ್ತಮಾನವನ್ನು ನೀವು ಹೇಗೆ ಓದಿದಿರಿ?” ಎಂದು ಕೇಳಿ, ಅವರು ಹೇಳಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಈ ಉಪಾಯ ನನ್ನದಲ್ಲ. ಇಂಗ್ಲೆಂಡಿನ ಜೇನ್ ಆಸ್ಟೆನ್ ಎಂಬಾಕೆಯದು. ಅಲ್ಲಿ ಮೂರನೆಯ ಜಾರ್ಜ್ ದೊರೆಯ ಬುದ್ಧಿ ಕೆಟ್ಟು, ಅವನ ಮಗ ಪ್ರತಿನಿಧಿಯಾಗಿ ಆಳಿದ 1811ರಿಂದ 1820ರವರೆಗಿನ ವರ್ಷಗಳಿಗೆ ರೀಜೆನ್ಸಿ ಕಾಲವೆಂದು ಹೆಸರು. ಆಸ್ಟೆನ್ನಳ ಕಾದಂಬರಿಗಳು ಅಚ್ಚಾದದ್ದು ಆಗಲೇ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಮತ್ತು ‘ಎಮ್ಮಾ’ ಹೊರಬಂದ ಮೇಲೆ ಆಕೆ ಬಂಧುಮಿತ್ರರ ಅಭಿಪ್ರಾಯಗಳನ್ನೆಲ್ಲ ಹೊಗಳಿಕೆ, ತೆಗಳಿಕೆ ಎಂದು ನೋಡದೆ ಪಟ್ಟಿಮಾಡಿಟ್ಟಳು. ನಾಯಕಿಯಲ್ಲಿ ಸತ್ತ್ವವಿಲ್ಲವೆಂದು ಹೆತ್ತ ತಾಯಿಯೇ ಹೇಳಿದ್ದನ್ನು ಬರೆದುಕೊಂಡಳು. ‘ಎಮ್ಮಾ’ ಸ್ವಾರಸ್ಯವಾಗಿಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ ಮೊದಲನೆಯ ಮತ್ತು ಕೊನೆಯ ಅಧ್ಯಾಯಗಳನ್ನಷ್ಟೇ ಓದಿದ ಮಹಾನುಭಾವನೊಬ್ಬನ ಹೆಸರನ್ನೂ ಬರೆದುಕೊಂಡಳು. ರಾಜಪ್ರತಿನಿಧಿಯ ಗ್ರಂಥಪಾಲಕನು ಒಂದು ರಾಜವಂಶವನ್ನು ಕುರಿತು ಐತಿಹಾಸಿಕ ಪ್ರಣಯಕಥೆ ಬರೆಯಬಾರದೇ ಎಂದು ಸೂಚಿಸಿದಾಗ, ಅದು ತನ್ನಿಂದಾಗದ ಕೆಲಸವೆಂದು 1816ರಲ್ಲಿ ನಯವಾಗಿ ಒಲ್ಲೆನೆಂದಳು. ವಿಧಿಯ ವಿನೋದವನ್ನು ನೋಡಿ: ಮುಂದೆ ಜಾರ್ಜೆಟ್ ಹೇಯರ್ ಮೊದಲಾದವರು ಆಸ್ಟೆನ್ನಳ ಕಾಲವನ್ನೇ ಐತಿಹಾಸಿಕ ಪ್ರಣಯಕಥೆಗಳ ತವರಾಗಿ ಮಾಡಿಬಿಟ್ಟರು. ಆದರೆ ಆ ಕಥೆಗಳ ನರ್ತನಶಾಲೆಗಳೂ ಸಾರೋಟುಗಳೂ ಓದುವವರಿಗೆ ದೂರದ ಬೆಡಗು. ನಮಗೆ ಹಾಗಲ್ಲ. ನಮ್ಮ ಕಥೆ ನಡೆದ ಕೋಟೆ ಹಿತ್ತಲಿನಿಂದ ಕಾಣುತ್ತದೆ.

ಈಗ ನನ್ನ ಟಿಪ್ಪಣಿ ಪುಸ್ತಕಕ್ಕೆ ಬರೋಣ.

ಹೊಸ ಕೋಟೆಯನ್ನು ಹೆಸರಿನಲ್ಲೇ ಇಟ್ಟುಕೊಂಡ ಹೊಸದುರ್ಗದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ಪ್ರತಿಯನ್ನೇ ನನ್ನ ಕೈಗಿತ್ತರು. ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ‘ಆಧಾರ?’, ‘ಆಧಾರ?’ ಎಂದು ಬರೆದಿದ್ದರು. ಅವರ ಮತ ಖಚಿತವಾದದ್ದು: “ಪ್ರೇಮಪ್ರಸಂಗಗಳನ್ನು ಅರ್ಧಕ್ಕೆ ಇಳಿಸಿದ್ದರೆ ಗ್ರಂಥಕ್ಕೆ ತೂಕ ಬರುತ್ತಿತ್ತು. ಎಂ.ಎಸ್. ಪುಟ್ಟಣ್ಣನವರು ನಮ್ಮ ಪಾಳೆಯಗಾರರ ಚರಿತ್ರೆ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಸಂಶೋಧನೆಯಲ್ಲೇ ಜೀವ ಸವೆಸಿದರು. ಅವರನ್ನು ಓದುವವರಿಲ್ಲ. ಎಲ್ಲರಿಗೂ ನಾಗತಿಯ ಕಣ್ಣೀರೇ ಬೇಕು.” ಪುಟ ತಿರುವುತ್ತ ಹೋದೆ. ಕೊನೆಯ ಅಧ್ಯಾಯಗಳಲ್ಲಿ ಪೆನ್ಸಿಲಿನ ಗುರುತೇ ಇರಲಿಲ್ಲ. ಕಾರಣವನ್ನು ಕೇಳಿದೆ. “ಅಲ್ಲಿಗೆ ಬರುವಾಗ ಪೆನ್ಸಿಲು ಎಲ್ಲಿಟ್ಟೆನೋ ಮರೆತುಹೋಯಿತು” ಎಂದು ಮುಖ ತಿರುಗಿಸಿದರು.

ಹಿರಿಯೂರಿನ ಹತ್ತಿರ, 1907ರಲ್ಲಿ ಪೂರ್ಣವಾದ ವಾಣಿವಿಲಾಸ ಸಾಗರದ ಕೆಳಗೆ ತೆಂಗು ಅಡಕೆ ಮಾಡಿಕೊಂಡಿರುವ ರೈತರೊಬ್ಬರು ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬರುವುದನ್ನು ಕಾಯುತ್ತ ತೋಟದ ಮನೆಯಲ್ಲಿ ಓದುವವರು. ಈ ಕಾದಂಬರಿಯನ್ನು ಮೂರು ಸಲ ಮುಗಿಸಿದ್ದಾರೆ. “ಕೋಟೆ ಬೀಳುತ್ತೆ ಅಂತ ಪುಸ್ತಕದ ಹೆಸರಲ್ಲೇ ಐತೆ ಮೇಷ್ಟ್ರೇ. ಆದ್ರೂ ಪ್ರತಿ ಸಲ ಓದುವಾಗ, ಈ ಸಲವಾದ್ರೂ ಬೀಳದಿರಲಿ ಅನ್ಕೋತೀನಿ” ಎಂದರು. ಯಾವ ವಿಮರ್ಶಕನೂ ಇಷ್ಟು ಸರಳವಾಗಿ ದುರಂತದ ಲಕ್ಷಣವನ್ನು ಹೇಳಿದ್ದು ನನಗೆ ತಿಳಿಯದು.

ದುರ್ಗದಲ್ಲಿ, ಮೊಬೈಲು ರಿಪೇರಿಯ ಅಂಗಡಿ ಇಟ್ಟಿರುವ ನಾಯಕ ಜನಾಂಗದ ತರುಣನೊಬ್ಬ ನನ್ನ ಪ್ರಶ್ನೆಗೇ ಮುನಿದ. “ಚರಿತ್ರೆಯೋ ಕಥೆಯೋ ಅಂತ ಕೇಳಬೇಡಿ ಸಾರ್. ಅದು ನಮ್ಮ ಹಿರೀಕರ ಬದುಕು. ಕಥೆ ಅಂದ್ರೆ ಸುಳ್ಳು ಅಂದಂಗಾಗುತ್ತೆ.” ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಆ ಹೊತ್ತಿಗೆ ನಾನು ಉತ್ತರ ಕೊಡಲಿಲ್ಲ.

ಕಡೆಗೆ ಹೊಳಲ್ಕೆರೆ. ಮತ್ತಿ ತಿಮ್ಮಣ್ಣನಾಯಕನು ದುರ್ಗವನ್ನು ಸೇರುವ ಮೊದಲು ವಿಜಯನಗರದ ಅರಸರಿಂದ ನಾಯಕತನ ಪಡೆದದ್ದು ಇಲ್ಲಿಯದೇ ಎಂದು ಹೇಳುತ್ತಾರೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯ ಮನೆಗೆ ಹೋದೆ. ಅವಳ ಅಜ್ಜಿಗೆ ಓದು ಬಾರದು. ಮೊಮ್ಮಗಳು ಓದಿ ಹೇಳಿದ್ದನ್ನು ಕೇಳಿದವರು. ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತ ಕುಳಿತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು: “ರಾಜ ಸೋತ, ಅವನ್ನ ಪಟ್ಣಕ್ಕೆ ಕರ್ಕೊಂಡೋದ್ರು, ಸರಿ. ಅಕ್ಕತಂಗೇರು ಹೊಂಡಕ್ಕೆ ಬಿದ್ರು ಅಂತಾರೆ, ಅದೂ ಸರಿ. ಅವತ್ತು ಕೋಟೇಲಿ ರಾಗಿ ಬೀಸ್ತಿದ್ದೋಳು ಎಲ್ಲಿಗೋದ್ಲು ಮೇಷ್ಟ್ರೇ?”

ಕೋಟೆಯೊಳಗೆ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ನಾವೆಲ್ಲ ನೋಡಿದ್ದೇವೆ, ಮಕ್ಕಳಿಗೂ ತೋರಿಸಿದ್ದೇವೆ. ರಾಗಿ ಬೀಸಿದ ಕಲ್ಲನ್ನು ಕೇಳಿದವರು ಈ ತಾಯಿಯೊಬ್ಬರೇ.

ಆ ರಾತ್ರಿ ಮನೆಗೆ ಬಂದು ಇತಿಹಾಸದ ಪುಸ್ತಕಗಳನ್ನು ತೆರೆದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಸೈನ್ಯಾಧಿಕಾರಿ ದಕ್ಷಿಣ ಭಾರತದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ. ಮೊದಲನೆಯದು 1810ರಲ್ಲಿಯೂ, ಉಳಿದೆರಡು 1817ರಲ್ಲಿಯೂ ಲಂಡನ್ನಿನಲ್ಲಿ ಅಚ್ಚಾದವು. ಜೇನ್ ಆಸ್ಟೆನ್ ತೀರಿಕೊಂಡದ್ದೂ 1817ರಲ್ಲೇ. ಒಂದೇ ನಗರದಲ್ಲಿ, ಒಂದೇ ಕಾಲದಲ್ಲಿ, ಅಲ್ಲಿಯ ಹೆಣ್ಣುಮಕ್ಕಳ ಒಂದೊಂದು ನಿಟ್ಟುಸಿರಿಗೂ ಕಾದಂಬರಿಯಲ್ಲಿ ಜಾಗವಿತ್ತು. ನಮ್ಮ ದುರ್ಗದ ಪತನಕ್ಕೆ ಚರಿತ್ರೆಯಲ್ಲಿ ಕೆಲವು ಸಾಲುಗಳಿದ್ದವು. ಹೈದರನು ಬದುಕುಳಿದ ಬೇಡರನ್ನು, ಸುಮಾರು 20,000 ಜನರನ್ನು, ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ ‘ಚೇಲಾ’ ಎಂಬ ದಳಗಳನ್ನು ಕಟ್ಟಿದನೆಂದೂ ಆ ಸಾಲುಗಳು ತಿಳಿಸುತ್ತವೆ. ರಾಗಿ ಬೀಸುತ್ತಿದ್ದವಳು ಬದುಕಿ ಉಳಿದಿದ್ದರೆ ಬಹುಶಃ ಆ ಅಂಕೆಯೊಳಗೇ ಇದ್ದಾಳೆ. ಹೆಸರಿಲ್ಲ, ಮುಖವಿಲ್ಲ, ನಾಲ್ಕು ಸೊನ್ನೆಗಳ ನಡುವೆ ಎಲ್ಲಿಯೋ ನಡೆದುಹೋಗುತ್ತಿದ್ದಾಳೆ.

ಇಲ್ಲಿಗೆ ಬಂದಾಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹೊಳೆಯಿತು. ಆ ಮಾತನ್ನು ಕೇಳಿಸಿಕೊಂಡವರು ಯಾರೂ ಇಲ್ಲ. ಕೇಳಿಸಿಕೊಂಡವರಿಲ್ಲದ ಕಡೆ ಚರಿತ್ರಕಾರನು ಲೇಖನಿಯನ್ನು ಕೆಳಗಿಡಬೇಕು. ಅದು ಅವನ ಧರ್ಮ. ಕಾದಂಬರಿಕಾರನು ಅಲ್ಲಿಂದಲೇ ಆರಂಭಿಸುತ್ತಾನೆ. ಅದು ಅವನ ಧರ್ಮ. ಇಬ್ಬರನ್ನೂ ಒಬ್ಬನೆಂದು ಮಾಡಿದರೆ ಇಬ್ಬರಿಗೂ ಅಪಚಾರ.

ಹೊಸದುರ್ಗದ ಹಿರಿಯರಿಗೆ ನನ್ನ ವಿನಯಪೂರ್ವಕವಾದ ಬಿನ್ನಹವಿದು: ಆಧಾರವನ್ನು ಕೇಳುವ ತಮ್ಮ ಪೆನ್ಸಿಲು ನೂರು ವರ್ಷ ಬಾಳಲಿ. ಆದರೆ ಪ್ರೇಮವನ್ನು ಅರ್ಧಕ್ಕೆ ಇಳಿಸಬೇಡಿ. ಆ ಜನ ಪರಸ್ಪರ ಪ್ರೀತಿಸಿರಲಿಲ್ಲವಾದರೆ 1779ರಲ್ಲಿ ಅವರು ಕಳೆದುಕೊಂಡದ್ದಾದರೂ ಏನು? ಕೆಲವು ಬುರುಜು, ಕೆಲವು ಫಿರಂಗಿ, ಒಂದು ಸಿಂಹಾಸನ. ಮನೆಯೊಳಗಣ ಮಮತೆಯನ್ನು ಮೊದಲು ತೋರಿಸಿದ ಮೇಲಲ್ಲವೇ, ಮನೆ ಬಿದ್ದಾಗ ನಮ್ಮ ಎದೆ ನೋಯುವುದು? ತಮ್ಮ ಪೆನ್ಸಿಲನ್ನು ಮರೆಯಿಸಿದ್ದೂ ಅದೇ ಎಂದು ನನ್ನ ಗುಮಾನಿ.

ದುರ್ಗದ ತರುಣನಿಗೆ ಅಂದು ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ. ತಮ್ಮಾ, ಕಥೆಯೆಂದರೆ ಸುಳ್ಳೆಂದು ಅರ್ಥವಲ್ಲ, ಸಾಕ್ಷಿಯಲ್ಲವೆಂದಷ್ಟೇ ಅರ್ಥ. ನಿನ್ನ ಹಿರಿಯರಿಗೆ ಕಲ್ಲಿನ ಕೋಟೆ ಸಾಕ್ಷಿಯಿದೆ, ಶಾಸನಗಳು ಸಾಕ್ಷಿಯಿವೆ, ಸಾಗಿಸಲ್ಪಟ್ಟ ಆ ಸಾವಿರಾರು ಜನರ ಲೆಕ್ಕವೂ ಸಾಕ್ಷಿಯಿದೆ. ಅವರ ಗೌರವವನ್ನು ಕಾದಂಬರಿಯ ಒಂದು ಸಂಭಾಷಣೆಯ ಮೇಲೆ ನಿಲ್ಲಿಸಿದರೆ, ನಾಳೆ ಯಾರಾದರೂ ಬಂದು ಆ ಸಂಭಾಷಣೆ ಕಲ್ಪಿತವೆಂದು ತೋರಿಸಿದ ದಿನ, ನಿಜವಾದ ಚರಿತ್ರೆಯನ್ನೂ ಜನ ಅದರ ಜೊತೆಗೇ ಕೊಡವಿಬಿಟ್ಟಾರು. ತರಾಸು ಅವರನ್ನು ಪ್ರೀತಿಸುವವರೇ ಈ ಎಚ್ಚರವನ್ನು ಇಟ್ಟುಕೊಳ್ಳಬೇಕು.

ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಹದಿನೈದು ದಿನಗಳ ಹಿಂದೆ ಅದೇ ವಿದ್ಯಾರ್ಥಿಗಳನ್ನು ಮತ್ತೊಮ್ಮೆ ಕೋಟೆಗೆ ಕರೆದೊಯ್ದೆ. ಅದೇ ಹೊಂಡದ ದಡ, ಅದೇ ನೆರಳು. “ಹೋದ ಸಲ ನಾನು ಹೇಳಿದ್ದರಲ್ಲಿ ಒಂದು ತಪ್ಪಿತ್ತು” ಎಂದು ಆರಂಭಿಸಿದೆ. ಇದು ಶಾಸನದಲ್ಲಿರುವುದು, ಇದು ವಿಲ್ಕ್ಸ್ ಬರೆದದ್ದು, ಇದು ಊರ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು, ಇದು ಕಾದಂಬರಿಕಾರರು ಕಂಡರಿಸಿದ್ದು ಎಂದು ರಾಶಿ ಬೇರೆಮಾಡುತ್ತ ಹೇಳಿದೆ. ಹೀಗೆ ಬೇರ್ಪಡಿಸಿದರೆ ರಸವೆಲ್ಲ ಆರಿಹೋಗುವುದೆಂದು ನನಗೆ ಅಂಜಿಕೆಯಿತ್ತು. ಅಂದು ಅತ್ತವರೇ ಇಂದೂ ಅತ್ತರು. ಹೊಳಲ್ಕೆರೆಯ ಹುಡುಗಿ ಈ ಸಲ ಪ್ರಶ್ನೆ ಕೇಳಲಿಲ್ಲ. ಇಳಿಯುವಾಗ ಹತ್ತಿರ ಬಂದು, “ಅಜ್ಜಿ ಕೇಳಿದ್ದಕ್ಕೆ ಏನು ಹೇಳಲಿ ಸಾರ್?” ಎಂದಳು.

ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ದುರ್ಗದಿಂದ ಪಟ್ಟಣಕ್ಕೆ ಹೋದವರ ಕುಲದವರು ನಾವು ಎಂದು ಮನೆಯ ಹಿರಿಯರು ಹೇಳುತ್ತಿದ್ದ ಮಾತು ಈ ಪುಟವನ್ನು ಓದುವ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಒಂದು ಕಾಗದ ಬರೆಯುವ ಕೃಪೆ ಮಾಡಬೇಕು. ಹೇಳಿದವರು ಯಾರು, ಅವರು ಯಾರಿಂದ ಕೇಳಿದ್ದರು ಎಂಬುದನ್ನೂ ಸೇರಿಸಿ ಬರೆಯಿರಿ. ಹೊಳಲ್ಕೆರೆಗೆ ಹೋಗಿ ಅಜ್ಜಿಗೆ ನಾನೇ ಓದಿ ಹೇಳುತ್ತೇನೆ.