ರವಾನೆಗೆ ಮುನ್ನ ಐದು ಸೆಕೆಂಡು

ಕೆಲವು ವರ್ಷಗಳ ಹಿಂದೆ ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದಲ್ಲಿ ಖಜಾಂಚಿಯ ಹೊಣೆ ನನ್ನ ಪಾಲಿಗೆ ಬಂದಿತ್ತು. ಒಟ್ಟು 180 ಮನೆಗಳು. ಮೂರು ತಿಂಗಳಿಗೊಮ್ಮೆ ಪ್ರತಿಯೊಂದು ಮನೆಗೂ ನಿರ್ವಹಣಾ ಶುಲ್ಕದ ಲೆಕ್ಕ ಕಳುಹಿಸಬೇಕು. ಬಾಕಿ ಇದ್ದರೆ ಮೊತ್ತವನ್ನು ನಮೂದಿಸಿ ನೆನಪೋಲೆ ಬರೆಯಬೇಕು. ನನಗಿಂತ ಹಿಂದಿನವರು ಇದಕ್ಕೆಂದೇ ಎರಡು ಭಾನುವಾರಗಳನ್ನು ಮೀಸಲಿಡುತ್ತಿದ್ದರು. ಅಷ್ಟು ವ್ಯವಧಾನ ನನಗಿರಲಿಲ್ಲ. ಎಕ್ಸೆಲ್ ಹಾಳೆಯಲ್ಲಿದ್ದ ಹೆಸರು, ವಿಳಾಸ, ಮೊತ್ತಗಳನ್ನು ಒಂದೊಂದಾಗಿ ಓದಿಕೊಂಡು, ಔಟ್‌ಲುಕ್ ತಂತ್ರಾಂಶದ ಮೂಲಕ ಆಯಾ ಮನೆಯವರಿಗೆ ಪ್ರತ್ಯೇಕ ಇ-ಮೇಲ್ ರವಾನಿಸುವ ಇಪ್ಪತ್ತು ಸಾಲುಗಳ ಮ್ಯಾಕ್ರೊ ಒಂದನ್ನು ಬರೆದೆ. ಎರಡು ಭಾನುವಾರಗಳ ಕೆಲಸ ಎರಡು ನಿಮಿಷಗಳಲ್ಲಿ ಮುಗಿಯತೊಡಗಿತು. ಸಂಘದ ಸಭೆಯಲ್ಲಿ ನನಗೆ ಚಪ್ಪಾಳೆಯೂ ಬಿತ್ತು.

ಮೂರನೆಯ ಬಾರಿ ಎಡವಟ್ಟಾಯಿತು. ಅತಿ ಹೆಚ್ಚು ಬಾಕಿ ಎಷ್ಟೆಂದು ನೋಡುವ ಸಲುವಾಗಿ ಮೊತ್ತದ ಕಾಲಂ ಒಂದನ್ನೇ ಇಳಿಕೆ ಕ್ರಮದಲ್ಲಿ ಜೋಡಿಸಿದ್ದೆ. ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಬೇಕೇ ಎಂದು ಎಕ್ಸೆಲ್ ಕೇಳಿತ್ತು; ಅವಸರದಲ್ಲಿ ಬೇಡವೆಂದಿದ್ದೆ. ಹೆಸರುಗಳು ಇದ್ದಲ್ಲೇ ಉಳಿದವು, ಮೊತ್ತಗಳು ಮಾತ್ರ ಮೇಲೆ ಕೆಳಗಾದವು. ಆ ಸ್ಥಿತಿಯಲ್ಲೇ ಮ್ಯಾಕ್ರೊ ಓಡಿಸಿದೆ. ಒಟ್ಟು ಮೊತ್ತ ಬ್ಯಾಂಕಿನ ಲೆಕ್ಕಕ್ಕೆ ಪೈಸೆಯ ವ್ಯತ್ಯಾಸವಿಲ್ಲದೆ ತಾಳೆಯಾಗುತ್ತಿತ್ತು. ಆದರೆ ಹೋದ ಪತ್ರಗಳಲ್ಲಿ ಬಹುಪಾಲು ತಪ್ಪಾಗಿದ್ದವು.

ಮರುದಿನ ಸಂಜೆ ನೆಲ ಅಂತಸ್ತಿನ ಮೊದಲನೆಯ ಮನೆಯ ವೃದ್ಧೆಯೊಬ್ಬರು ನಮ್ಮ ಬಾಗಿಲಿಗೆ ಬಂದರು. ಪಟ್ಟಿಯಲ್ಲಿ ಅವರದು ಮೊದಲ ಸಾಲು. ಹಾಗಾಗಿ ಇಡೀ ಸಮುಚ್ಚಯದ ಅತಿ ದೊಡ್ಡ ಬಾಕಿ ಅವರ ಹೆಸರಿಗೆ ಅಂಟಿಕೊಂಡಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ರಸೀದಿಗಳು. ‘ನೋಡಿ, ನಮ್ಮ ಯಜಮಾನರು ಇದ್ದಾಗಿನಿಂದಲೂ ಒಂದು ತಿಂಗಳು ತಪ್ಪಿಸಿದವರಲ್ಲ ನಾವು. ನೀವೇ ಹೀಗೆ ಬರೆದರೆ ಹೇಗೆ?’ ಎಂದರು. ಆ ಪತ್ರವನ್ನು ನಾನು ಬರೆದಿರಲಿಲ್ಲ, ಓದಿಯೂ ಇರಲಿಲ್ಲ. ಆದರೆ ಕೆಳಗೆ ನನ್ನ ಹೆಸರಿತ್ತು. ಇತ್ತ, ನಿಜಕ್ಕೂ ದೊಡ್ಡ ಬಾಕಿ ಉಳಿಸಿಕೊಂಡಿದ್ದವರಿಗೆ ‘ತಮ್ಮಿಂದ ಬರಬೇಕಾದದ್ದು ಏನೂ ಇಲ್ಲ’ ಎಂಬ ಪತ್ರ ಹೋಗಿತ್ತು. ಅವರಲ್ಲಿ ಯಾರೂ ನನ್ನ ಬಾಗಿಲು ತಟ್ಟಲಿಲ್ಲ!

ಇದನ್ನು ಒಬ್ಬ ಹವ್ಯಾಸಿ ಖಜಾಂಚಿಯ ಎಡವಟ್ಟೆಂದು ನಕ್ಕು ಮರೆಯಬಹುದಿತ್ತು. ಆದರೆ ಇಂದು ನಮ್ಮ ಕೈಸೇರುವ ಸೂಚನೆ, ತಾಕೀತು, ಅಂಗೀಕಾರ, ನಿರಾಕರಣೆಗಳ ಬಹುಪಾಲು ಹೀಗೆಯೇ, ಯಾರ ಕಣ್ಣಿಗೂ ಬೀಳದೆ ಹೊರಟು ಬರುತ್ತಿದೆ. ಶಾಲೆಯ ಶುಲ್ಕದ ನೋಟಿಸು, ಉದ್ಯೋಗದ ಅರ್ಜಿ ತಿರಸ್ಕೃತವಾದ ಸುದ್ದಿ, ಸಾಲದ ಕಂತು ತಪ್ಪಿದ ಎಚ್ಚರಿಕೆ ಎಲ್ಲದರ ಹಿಂದೆಯೂ ಒಂದು ಪಟ್ಟಿ ಮತ್ತು ಒಂದು ಸ್ಕ್ರಿಪ್ಟ್ ಇರುತ್ತದೆ. ಆದ್ದರಿಂದ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ಥೂಲವಾಗಿಯಾದರೂ ಅರಿಯುವುದು ಉಚಿತ.

ಔಟ್‌ಲುಕ್‌ನಂತಹ ತಂತ್ರಾಂಶಕ್ಕೆ ಸ್ಕ್ರಿಪ್ಟ್ ಕೊಡುವ ಆದೇಶಗಳು ಬಲು ಸರಳ. ಹೊಸ ಪತ್ರ ತೆರೆ, ವಿಳಾಸ ತುಂಬು, ವಿಷಯ ಬರೆ, ಒಕ್ಕಣೆ ಸೇರಿಸು. ಕೊನೆಯ ಆದೇಶದಲ್ಲಿ ಮಾತ್ರ ಆಯ್ಕೆಯುಂಟು. ‘ಡಿಸ್‌ಪ್ಲೇ’ ಎಂದು ಬರೆದರೆ ಸಿದ್ಧವಾದ ಪತ್ರ ತೆರೆಯ ಮೇಲೆ ಬಂದು ನಿಲ್ಲುತ್ತದೆ. ಮನುಷ್ಯ ಓದಿ ಗುಂಡಿ ಒತ್ತಿದ ಮೇಲಷ್ಟೇ ಹೊರಡುತ್ತದೆ. ‘ಸೆಂಡ್’ ಎಂದು ಬರೆದರೆ ಯಾರ ಅಪ್ಪಣೆಗೂ ಕಾಯದೆ ಹೊರಟುಬಿಡುತ್ತದೆ. ನಾನು ಎರಡನೆಯದನ್ನು ಬರೆದಿದ್ದೆ.

ಈ ಒಂದು ಪದದ ಶಕ್ತಿಯನ್ನು ಜಗತ್ತು ಕಂಡದ್ದು ಕಿಡಿಗೇಡಿಗಳ ಮೂಲಕ. 1999ರ ಮಾರ್ಚ್‌ನಲ್ಲಿ ಹರಡಿದ ‘ಮೆಲಿಸ್ಸಾ’ ವೈರಸ್, ವರ್ಡ್ ಕಡತದೊಳಗೆ ಅಡಗಿದ್ದ ಮ್ಯಾಕ್ರೊ. ಕಡತ ತೆರೆದವನ ಔಟ್‌ಲುಕ್‌ನ ವಿಳಾಸ ಪುಸ್ತಕದಿಂದ ಮೊದಲ 50 ವಿಳಾಸಗಳನ್ನು ಹೆಕ್ಕಿ, ಅವನ ಹೆಸರಿನಲ್ಲೇ ತನ್ನ ಪ್ರತಿಗಳನ್ನು ಕಳುಹಿಸುತ್ತಿತ್ತು. ಮರುವರ್ಷ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಇನ್ನೂ ಮುಂದೆ ಹೋಗಿ, ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಪ್ರೇಮಪತ್ರದ ವೇಷದಲ್ಲಿ ತನ್ನನ್ನು ತಾನೇ ರವಾನಿಸಿಕೊಂಡಿತು. ಬ್ರಿಟನ್ನಿನ ಸಂಸತ್ತು ಕೂಡ ತನ್ನ ಇ-ಮೇಲ್ ವ್ಯವಸ್ಥೆಯನ್ನು ಸ್ಥಗಿತಗೊಳಿಸಬೇಕಾಯಿತು. ಪರಿಚಿತರ ಹೆಸರಿನಲ್ಲಿ ಬಂದ ಪತ್ರವನ್ನು ಪರಿಚಿತರೇ ಬರೆದಿರುತ್ತಾರೆ ಎಂಬ ನಂಬಿಕೆಯೇ ಈ ಎರಡೂ ಪಿಡುಗುಗಳ ವಾಹನವಾಗಿತ್ತು.

ಆಗ ಮೈಕ್ರೊಸಾಫ್ಟ್ ಕಂಡುಕೊಂಡ ಪರಿಹಾರಗಳಲ್ಲಿ ಒಂದು ನನಗೆ ಇಂದಿಗೂ ಅರ್ಥಪೂರ್ಣವೆನಿಸುತ್ತದೆ. 2000ದಲ್ಲಿ ಬಿಡುಗಡೆಯಾದ ಸುರಕ್ಷಾ ಪರಿಷ್ಕರಣೆಯ ನಂತರ, ಹೊರಗಿನ ಯಾವುದೇ ಪ್ರೋಗ್ರಾಂ ಔಟ್‌ಲುಕ್ ಮೂಲಕ ಪತ್ರ ಕಳುಹಿಸಲು ಯತ್ನಿಸಿದರೆ ಎಚ್ಚರಿಕೆಯ ಚೌಕವೊಂದು ಮೂಡುತ್ತಿತ್ತು: ನಿಮ್ಮ ಪರವಾಗಿ ಪತ್ರ ಹೋಗುತ್ತಿದೆ, ಒಪ್ಪಿಗೆಯೇ? ‘ಹೌದು’ ಎಂಬ ಗುಂಡಿ ಐದು ಸೆಕೆಂಡುಗಳವರೆಗೆ ಒತ್ತಲು ಬಾರದಂತೆ ಮಂಕಾಗಿರುತ್ತಿತ್ತು. ಬಳಕೆದಾರರಿಗೆ ಇದು ಕಿರಿಕಿರಿಯಾಯಿತು. ನೂರು ಪತ್ರ ಕಳುಹಿಸುವವನು ನೂರು ಸಲ ಕಾಯಬೇಕು. ಆ ಗುಂಡಿಯನ್ನು ತಾನೇ ಒತ್ತಿಕೊಡುವ ಪುಟ್ಟ ತಂತ್ರಾಂಶಗಳು ಬೇಗನೆ ಹುಟ್ಟಿಕೊಂಡವು. ಔಟ್‌ಲುಕ್ 2007ರ ಹೊತ್ತಿಗೆ, ಕಂಪ್ಯೂಟರಿನಲ್ಲಿ ವೈರಸ್ ನಿರೋಧಕ ಸುಸ್ಥಿತಿಯಲ್ಲಿದ್ದರೆ ಆ ಪ್ರಶ್ನೆಯೇ ಏಳದಂತಾಯಿತು.

ವೈರಸ್ಸಿನ ಮಟ್ಟಿಗೆ ಇದು ಸರಿ. ಆದರೆ ವೈರಸ್ ನಿರೋಧಕಕ್ಕೆ ನೆಲ ಅಂತಸ್ತಿನ ವೃದ್ಧೆಯ ಲೆಕ್ಕ ತಿಳಿಯದು. ಮ್ಯಾಕ್ರೊ ನಿರುಪದ್ರವಿ ಎಂದು ಅದು ಹೇಳಬಲ್ಲುದೇ ಹೊರತು, ಪತ್ರ ಸತ್ಯವೆಂದು ಹೇಳಲಾರದು. ಇಂದಿನ ನಿಯಮಗಳ ಮಿತಿಯೂ ಅದೇ. 2024ರ ಫೆಬ್ರುವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ದೃಢಪಡಿಸಬೇಕೆಂದು ಗೂಗಲ್ ಕಡ್ಡಾಯ ಮಾಡಿದೆ. ವಿಬಿಸ್ಕ್ರಿಪ್ಟ್ ಭಾಷೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೊಸಾಫ್ಟ್ 2023ರಲ್ಲಿ ಪ್ರಕಟಿಸಿತು. ಅದರ ಹೊಸ ಔಟ್‌ಲುಕ್‌ನಲ್ಲಿ ನನ್ನ ಹಳೆಯ ಮ್ಯಾಕ್ರೊಗೆ ಜಾಗವಿಲ್ಲ. ಸ್ವಯಂಚಾಲಿತ ರವಾನೆ ಮಾತ್ರ ಬೇರೆ ಬೇರೆ ಸೇವೆಗಳ ಮೂಲಕ ಮುಂದುವರಿದೇ ಇದೆ. ಕಳುಹಿಸಿದವರು ಯಾರು, ಎಷ್ಟು ಕಳುಹಿಸಿದರು ಎಂಬುದರ ತಪಾಸಣೆ ಬಿಗಿಯಾಗಿದೆ. ಬರೆದದ್ದು ಸರಿಯೇ ಎಂದು ನೋಡುವ ಹೊಣೆ ಹಿಂದಿನಂತೆ ಕಳುಹಿಸುವವನದೇ.

ಹಾಗೆಂದು ಎಲ್ಲವನ್ನೂ ಕೈಯಿಂದಲೇ ಮಾಡೋಣವೆಂದರೆ ಅದೂ ನಿರಪಾಯಕಾರಿಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ, ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡ ಮರುತಿಂಗಳೇ, ಬ್ರಿಟನ್ನಿನ ರಕ್ಷಣಾ ಇಲಾಖೆಯು ಸ್ಥಳಾಂತರಕ್ಕೆ ಅರ್ಹರಾದ ಆಫ್ಘನ್ನರಿಗೆ ಒಂದೇ ಇ-ಮೇಲ್ ಕಳುಹಿಸಿತು. ಎಲ್ಲರ ವಿಳಾಸಗಳನ್ನೂ ಎಲ್ಲರಿಗೂ ಕಾಣುವ ಜಾಗದಲ್ಲಿ ತುಂಬಲಾಗಿತ್ತು. ಪ್ರಾಣಭಯದಲ್ಲಿದ್ದ 245 ಮಂದಿಯ ವಿವರ ಹೀಗೆ ಬಯಲಾಯಿತು. 2023ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಇಲಾಖೆಗೆ 3,50,000 ಪೌಂಡ್ ದಂಡ ವಿಧಿಸಿದರು. ಒಬ್ಬೊಬ್ಬರಿಗೂ ಪ್ರತ್ಯೇಕ ಪತ್ರ ಕಳುಹಿಸುವ ಸಾಧಾರಣ ಸ್ಕ್ರಿಪ್ಟ್ ಒಂದಿದ್ದರೆ ಈ ಪ್ರಮಾದವೇ ಆಗುತ್ತಿರಲಿಲ್ಲ. ಆದ್ದರಿಂದ ನನ್ನ ತಕರಾರು ಯಂತ್ರದ ಬಗ್ಗೆ ಅಲ್ಲ. ಪತ್ರ ಸಿದ್ಧವಾಗುವುದಕ್ಕೂ ಹೊರಡುವುದಕ್ಕೂ ನಡುವೆ ಇರಬೇಕಾದ ಬಿಡುವನ್ನು ನಾವು ಅಳಿಸಿಹಾಕುತ್ತಿರುವ ಬಗ್ಗೆ.

ನಮ್ಮ ಹಳೆಯ ಕಚೇರಿಗಳಲ್ಲಿ ಆ ಬಿಡುವಿಗೆ ಒಂದು ಕ್ರಮವಿತ್ತು. ಗುಮಾಸ್ತರು ಕರಡು ಮಂಡಿಸುವರು, ಮೇಲಧಿಕಾರಿ ತಿದ್ದಿ ಅನುಮೋದಿಸುವರು, ಶುದ್ಧಪ್ರತಿಗೆ ರುಜು ಬೀಳುವುದು, ಅನಂತರವೇ ಪತ್ರ ರವಾನೆ ಶಾಖೆಗೆ ಹೋಗುವುದು. ಅದರ ವಿಳಂಬವನ್ನು ನಾವೆಲ್ಲ ಗೇಲಿ ಮಾಡಿದ್ದೇವೆ, ಅದಕ್ಕೆ ಕಾರಣವೂ ಇತ್ತು. ಆದರೂ ಪತ್ರ ಹೊರಗೆ ಹೋಗುವ ಮುನ್ನ ಅದನ್ನು ಓದಿದ, ಓದಿದ್ದಕ್ಕೆ ಉತ್ತರ ಹೇಳಬೇಕಾದ ಒಬ್ಬ ವ್ಯಕ್ತಿ ಅಲ್ಲಿರುತ್ತಿದ್ದರು.

ಆ ವ್ಯಕ್ತಿಯನ್ನು ಮರಳಿ ಕರೆತರುವುದು ಕಷ್ಟವೇನಲ್ಲ. ಸಭೆಯ ಸೂಚನೆ, ಹಬ್ಬದ ಶುಭಾಶಯಗಳು ತಾವಾಗಿ ಹೋಗಲಿ. ಆದರೆ ಒಬ್ಬರ ಮೇಲೆ ಸಾಲ ಹೊರಿಸುವ, ಆರೋಪ ಮಾಡುವ, ಅವಕಾಶ ನಿರಾಕರಿಸುವ ಪತ್ರಗಳು ಮೊದಲು ಕರಡುಗಳ ಕಡತದಲ್ಲಿ ನಿಲ್ಲಲಿ. ಇಡೀ ಪಟ್ಟಿಯನ್ನು ಒಮ್ಮೆ ಕಳುಹಿಸುವವರ ಸ್ವಂತ ವಿಳಾಸಕ್ಕೇ ಕಳುಹಿಸಿ ನೋಡಲಿ. ಒಟ್ಟು ಮೊತ್ತ ತಾಳೆಯಾಯಿತೆಂದು ಸುಮ್ಮನಾಗದೆ, ಹೆಸರಿಗೆ ಹೆಸರು, ಸಂಖ್ಯೆಗೆ ಸಂಖ್ಯೆ ಹೋಲಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂಬ ಒಕ್ಕಣೆ ಇಂತಹ ಪತ್ರಗಳಿಂದ ತೊಲಗಲಿ. ತಪ್ಪಾಗಿದೆ ಎಂದು ಹೇಳಲು ಆ ವೃದ್ಧೆಗೆ ನನ್ನ ಮನೆಯ ಬಾಗಿಲಾದರೂ ಇತ್ತು. ದೂರದ ಸಂಸ್ಥೆಯೊಂದರ ಪತ್ರ ಬಂದಾಗ ಅಂಥವರು ರಸೀದಿಯ ಚೀಲ ಹಿಡಿದು ಎಲ್ಲಿಗೆ ಹೋಗಬೇಕು?

ಅಂದು ನಾನು 180 ಮನೆಗಳಿಗೂ ಕ್ಷಮಾಪಣೆಯ ಪತ್ರ ಬರೆದೆ; ವೃದ್ಧೆಯ ಮನೆಗೆ ಮಾತ್ರ ನಾನೇ ಹೋಗಿ ಬಂದೆ. ಅನಂತರ ಮ್ಯಾಕ್ರೊದ ಕೊನೆಯ ಸಾಲಿನ ಒಂದು ಪದವನ್ನು ಬದಲಿಸಿದೆ. ಅಲ್ಲಿಂದ ಮುಂದೆ ಪತ್ರಗಳು ಹೊರಡುವ ಮುನ್ನ ಒಂದೊಂದಾಗಿ ತೆರೆಯ ಮೇಲೆ ನಿಲ್ಲುತ್ತಿದ್ದವು. ಒಂದೊಂದಕ್ಕೆ ಇಪ್ಪತ್ತು ಸೆಕೆಂಡಿನಂತೆ ಎಲ್ಲವನ್ನೂ ನೋಡಲು ಒಂದು ಗಂಟೆ ಹಿಡಿಯುತ್ತಿತ್ತು. ಎರಡು ಭಾನುವಾರಗಳನ್ನು ಉಳಿಸಿಕೊಟ್ಟ ಯಂತ್ರಕ್ಕೆ ಪ್ರತಿಯಾಗಿ ಒಂದು ಗಂಟೆಯನ್ನು ತೆರುವುದು ದುಬಾರಿಯೆಂದು ನನಗೆ ಎಂದೂ ಅನ್ನಿಸಲಿಲ್ಲ.