ಬುತ್ತಿ ಬಿಡದ ಬಾಗಿಲು

ಥೀಮ್ ಪಾರ್ಕ್ ಎಂಬ ಮಾತು ನಮ್ಮ ಕೊಯಮತ್ತೂರು ಸೀಮೆಯ ಹಳ್ಳಿಗಳಿಗೆ ಹೊಸದೇನಲ್ಲ. ಮೆಟ್ಟುಪಾಳ್ಯದಿಂದ ಊಟಿ ಕಡೆ ಹೊರಟರೆ ಬೆಟ್ಟದ ಬುಡದಲ್ಲೇ ಬ್ಲ್ಯಾಕ್ ಥಂಡರ್ ಇದೆ. ಪಾಲಕ್ಕಾಡ್ ದಾಟಿ ಹೋದರೆ ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂದು ಶುರುವಾದ ಈಗಿನ ವಂಡರ್‌ಲಾ. ದಿಂಬಂ ಘಾಟಿ ಹತ್ತಿ ಚಾಮರಾಜನಗರ, ಮೈಸೂರು ಹಾದು ಹೋದರೆ ಬಿಡದಿ ಹತ್ತಿರ 2005ರಲ್ಲಿ ತೆರೆದ ಅವರದೇ ಇನ್ನೊಂದು. ಶಾಲೆ ಮಕ್ಕಳ ಬಸ್ಸು, ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸಗಾರರ ವ್ಯಾನು, ಮದುವೆ ಮುಗಿದು ಉಳಿದುಕೊಂಡ ನೆಂಟರು, ಎಲ್ಲರೂ ಒಮ್ಮೆ ಹೋಗಿ ನೆನೆದು ಬಂದವರೇ. ಹೊರದೇಶದಲ್ಲಿರುವ ಮಗಳ ದೆಸೆಯಿಂದ ನಾನು ಸಿಂಗಪುರದ್ದನ್ನೂ ಅಮೆರಿಕದ್ದನ್ನೂ ನೋಡಿದೆ. ಯಂತ್ರಗಳ ವಿಷಯದಲ್ಲಿ ಹೋಲಿಸಲು ಹೆಚ್ಚೇನಿಲ್ಲ. ಎಲ್ಲಿ ಹೋದರೂ ತಲೆಕೆಳಗು ಮಾಡಿ, ತಿರುಗಿಸಿ, ಇಳಿಸಿ ಕಳಿಸ್ತಾರೆ. ನಾನು ಹೋಲಿಸಬೇಕೆಂದಿರುವುದು ಬಾಗಿಲನ್ನು. ಆ ಬಾಗಿಲಲ್ಲಿ ನಮ್ಮ ಊಟದ ಗಂಟಿಗೆ ಏನಾಗುತ್ತದೆ ಎಂಬುದನ್ನು.

ಕನ್ನಡದಲ್ಲಿ ಬುತ್ತಿ, ನಮ್ಮ ಮನೆಯ ತೆಲುಗಿನಲ್ಲಿ ಸದ್ದಿ, ಊರಿನ ತಮಿಳಿನಲ್ಲಿ ಕಟ್ಟುಚ್ಚೋರು. ಮೂರು ಭಾಷೆಯಲ್ಲೂ ಹೆಸರಿರುವ ಈ ವಸ್ತು ನಮಗೆ ಬರೀ ಅನ್ನವಲ್ಲ, ಪ್ರಯಾಣದ ಅರ್ಧ ಭಾಗ. ಆಡಿ ಹದಿನೆಂಟರ ದಿನ ಭವಾನಿ ಹೊಳೆ ದಂಡೆಗೆ ಬಂದು ನೋಡಿ. ನಿಂಬೆ ಅನ್ನ, ಹುಣಸೆ ಅನ್ನ, ಮೊಸರನ್ನ ಬಿಚ್ಚಿ, ಪಕ್ಕದ ಕುಟುಂಬದ ಎಲೆಗೂ ಒಂದು ಹಿಡಿ ಹಾಕಿ ಉಣ್ಣುತ್ತಾರೆ. ಕಾರಮಡೈ ರಂಗನಾಥನ ತೇರಿಗೆ ಬರುವವರೂ ಹೀಗೆಯೇ. ಜಾತ್ರೆಯಲ್ಲೂ ರಾಟೆ ಇದೆ, ಮಿಠಾಯಿ ಅಂಗಡಿ ಇದೆ. ಬುತ್ತಿ ತಂದವನು ಮಿಠಾಯಿ ಕೊಳ್ಳದೆ ಹೋಗಿದ್ದನ್ನು ಯಾವ ಅಂಗಡಿಯವನೂ ಕಂಡಿಲ್ಲ.

ಈಗ ಪಾರ್ಕಿನ ಬಾಗಿಲಿಗೆ ಬನ್ನಿ. ಹೆಸರು ಬೇಡ, ಏಕೆಂದರೆ ಇದು ಒಬ್ಬರ ಪದ್ಧತಿಯಲ್ಲ, ನಮ್ಮ ಕಡೆ ಬಹುತೇಕ ಎಲ್ಲರದೂ ಇದೇ. ಒಂದು ಏಪ್ರಿಲ್‌ನಲ್ಲಿ ಹದಿನಾಲ್ಕು ಜನ ಹೋಗಿದ್ದೆವು. ಬೆಳಗಿನ ನಾಲ್ಕಕ್ಕೆದ್ದು ನಮ್ಮ ಅತ್ತಿಗೆ ಮಾಡಿದ್ದ ಪುಳಿಹೋರದ ಅಡುಕು ಡಬ್ಬಿಗಳನ್ನು ಕಾವಲಿನವನು ತೆಗೆದಿಟ್ಟು ಟೋಕನ್ ಕೊಟ್ಟ. ‘ಉಳ್ಳೆ ಸಾಪ್ಪಾಡು ಇರುಕ್ಕುಂಗ’ ಎಂದ, ಮರ್ಯಾದೆಯಾಗಿಯೇ. ಮಧ್ಯಾಹ್ನ ಹೊರಗೆ ಹೋಗಿ ಉಂಡು ಬರ್ತೀವಿ ಅಂದರೆ, ಹೋದರೆ ಮತ್ತೆ ಟಿಕೆಟ್ ತಗೋಬೇಕು ಅಂದರು. ಸಕ್ಕರೆ ಕಾಯಿಲೆಯ ನಮ್ಮ ಮಾವನವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ವ್ರತದ ಅತ್ತೆ, ಇಬ್ಬರೂ ಮಜ್ಜಿಗೆ ಪೊಟ್ಟಣದಲ್ಲಿ ದಿನ ತಳ್ಳಿದರು. ಮಿಕ್ಕವರು ಎಣ್ಣೆ ಮಿನುಗುವ ಫ್ರೈಡ್ ರೈಸ್ ತಿಂದೆವು. ಹದಿನಾಲ್ಕು ಟಿಕೆಟ್ಟಿನ ಮೇಲೆ ಹದಿನಾಲ್ಕು ಊಟ ಬಿತ್ತು.

ಇದು ದೊಡ್ಡ ಜಾಗಗಳ ರೀತಿ, ನಾವು ಹಳ್ಳಿಯವರು ಹೊಂದಿಕೊಳ್ಳಬೇಕು ಎಂದುಕೊಂಡಿದ್ದವನು ನಾನೂ. ಸಿಂಗಪುರದ ಸೆಂಟೋಸಾದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಅದೇ ನಿಯಮ ಕಂಡು ಆ ಎಣಿಕೆ ಗಟ್ಟಿಯಾಯಿತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದೆ. ಅನಹೈಮ್ ಎಂಬ ಊರಿನಲ್ಲಿ ಕಿತ್ತಳೆ ತೋಟಗಳನ್ನು ಕೊಂಡು ವಾಲ್ಟ್ ಡಿಸ್ನಿ 1955ರ ಜುಲೈನಲ್ಲಿ ತೆರೆದ ಡಿಸ್ನಿಲ್ಯಾಂಡ್, ಈ ಬಗೆಯ ಪಾರ್ಕುಗಳಿಗೆಲ್ಲ ತಾಯಿಬೇರು. ತಲೆಗೆ ನೂರು ಡಾಲರಿನ ಮೇಲೆ ಟಿಕೆಟ್. ಚೀಲ ನೋಡುವಾತ ನನ್ನ ಹೆಂಡತಿಯ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಿ, ವಾಪಸ್ ಕೈಗೆ ಕೊಟ್ಟ. ಅಲ್ಲಿನ ನಿಯಮ ಇಷ್ಟೇ: ಗಾಜು ಬೇಡ, ಮದ್ಯ ಬೇಡ, ಬಿಸಿ ಮಾಡಿಕೊಡಿ ಅನ್ನಬೇಡಿ, ಉಳಿದದ್ದು ನಿಮ್ಮ ಊಟ, ನೀವು ಉಣ್ಣಿ. ನಾವು ಒಂದು ಬೆಂಚಿನ ಮೇಲೆ ಕೂತು ಹುಣಸೆ ಅನ್ನ ಉಂಡೆವು. ಉಂಡ ಮೇಲೆ ಮೊಮ್ಮಗು ಐಸ್‌ಕ್ರೀಮ್ ಕೇಳಿತು, ಕೊಂಡೆವು. ಅಲ್ಲಿ ಯಾರಿಗೆ ನಷ್ಟವಾಯಿತು ಹೇಳಿ?

ದುಡ್ಡಿನ ವಿಷಯದಲ್ಲಿ ಡಿಸ್ನಿಯವರು ಸಾಧುಗಳಲ್ಲ. ಆದರೆ ಊರಿಗೆ ಬಗ್ಗುವುದನ್ನು ಕಲಿತಿದ್ದಾರೆ. 1992ರಲ್ಲಿ ಪ್ಯಾರಿಸ್ ಹತ್ತಿರ ಪಾರ್ಕ್ ತೆರೆದಾಗ ಒಳಗೆ ವೈನ್ ಕೊಡುವುದಿಲ್ಲ ಎಂದರು. ಊಟದ ಜೊತೆ ವೈನ್ ಬೇಕೆನ್ನುವ ಫ್ರೆಂಚರು ಸಿಡಿಮಿಡಿಗೊಂಡರು; ಮರುವರ್ಷವೇ ನಿಯಮ ಸಡಿಲವಾಯಿತು. 2005ರಲ್ಲಿ ತೆರೆದ ಹಾಂಕಾಂಗ್ ಪಾರ್ಕಿಗೆ ಫೆಂಗ್ ಶುಯಿ ಎಂಬ ಚೀನೀ ವಾಸ್ತು ನೋಡಿಸಿ, ಮುಂಬಾಗಿಲನ್ನು 12 ಡಿಗ್ರಿ ತಿರುಗಿಸಿದರು. ಪರದೇಶದ ಕಂಪನಿ ವಾಸ್ತುವಿಗಾಗಿ ಬಾಗಿಲು ತಿರುಗಿಸಿತು. ನಮ್ಮವರೇ ಕಟ್ಟಿದ ಪಾರ್ಕು ನಮ್ಮ ಬುತ್ತಿಗಾಗಿ ಒಂದು ಕದ ತೆಗೆಯಬಾರದೇ?

ರೈತರು ಕೇಳಬೇಕಾದ ಕಥೆ ಇನ್ನೊಂದಿದೆ. ಡಿಸ್ನಿಲ್ಯಾಂಡಿನಿಂದ ಅರ್ಧ ಗಂಟೆ ದಾರಿಯೂ ಇಲ್ಲ, ಬ್ಯೂನಾ ಪಾರ್ಕ್ ಎಂಬಲ್ಲಿ ನಾಟ್ಸ್ ಬೆರಿ ಫಾರ್ಮ್. ಹೆಸರಲ್ಲೇ ಫಾರ್ಮ್. ವಾಲ್ಟರ್ ನಾಟ್ ಎಂಬ ರೈತ 1920ರಲ್ಲಿ ಭೂಮಿ ಗುತ್ತಿಗೆ ಹಿಡಿದು ಬೆರಿ ಹಣ್ಣು ಬೆಳೆದು, ರಸ್ತೆ ಪಕ್ಕ ಅಂಗಡಿ ಹಾಕಿ ಮಾರುತ್ತಿದ್ದ. ಬೇರೆಯವರು ಕೈಬಿಟ್ಟಿದ್ದ ಬಾಯ್ಸನ್‌ಬೆರಿ ಗಿಡವನ್ನು ಬದುಕಿಸಿ ಪೇಟೆಗೆ ತಂದವನೂ ಇವನೇ. 1934ರಲ್ಲಿ ಅವನ ಹೆಂಡತಿ ಕಾರ್ಡೀಲಿಯಾ ತನ್ನ ಮದುವೆಯ ಪಿಂಗಾಣಿ ತಟ್ಟೆಯಲ್ಲೇ ಕೋಳಿ ಊಟ ಬಡಿಸಲು ಶುರು ಮಾಡಿದಳು. ಊಟಕ್ಕೆ ಸಾಲು ಬೆಳೆಯಿತು. ಕಾಯುವವರಿಗೆ ಹೊತ್ತು ಹೋಗಲೆಂದು 1940ರಲ್ಲಿ ಹಳೆಯ ಕಾಲದ ಒಂದು ಊರನ್ನೇ ಕಟ್ಟತೊಡಗಿದ. ಬೇಲಿ ಹಾಕಿ ಟಿಕೆಟ್ ಇಟ್ಟದ್ದು 1968ರಲ್ಲಿ! ಅಷ್ಟು ವರ್ಷ ಬೇಲಿಯೇ ಇರಲಿಲ್ಲ. ಊಟ ಮೊದಲು, ಆಟ ಆಮೇಲೆ. ಇವತ್ತೂ ಅಲ್ಲಿ ಆ ಬೆರಿ ಹಣ್ಣಿನ ಜಾಮ್ ಸಿಗುತ್ತದೆ. ನಮ್ಮಲ್ಲೋ, ಪೊಳ್ಳಾಚಿಯ ಎಳನೀರು ಲಾರಿ ಹತ್ತಿ ಬೆಂಗಳೂರು, ಮುಂಬೈ ಸೇರುತ್ತದೆ. ಪಾರ್ಕಿನ ಒಳಗೆ ಮಾತ್ರ ಮಕ್ಕಳ ಕೈಗೆ ಸಿಗುವುದು ಬಣ್ಣದ ಸೋಡಾ.

ಪಾರ್ಕ್ ನಡೆಸುವವರ ಮಾತಲ್ಲೂ ಹುರುಳಿಲ್ಲದಿಲ್ಲ. ಬುತ್ತಿಯ ಜೊತೆ ಬಾಟಲಿ ಬರುತ್ತದೆ, ಪ್ಲಾಸ್ಟಿಕ್ ಬರುತ್ತದೆ, ಎಂಜಲಿಗೆ ಕೋತಿ ಬರುತ್ತದೆ. ಹೊರಗಿನದು ತಿಂದು ಹೊಟ್ಟೆ ಕೆಟ್ಟರೆ ಬಯ್ಯುವುದು ನಮ್ಮನ್ನು ಎಂಬುದೂ ನಿಜವೇ. ಕಾನೂನನ್ನು ಹಿಡಿದು ಜಗಳಾಡುವುದರಲ್ಲೂ ಲಾಭವಿಲ್ಲ. ಸಿನಿಮಾ ಮಂದಿರಗಳ ವಿಷಯದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿ ತಡೆಯುವ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಎಂದು ಹೇಳಿಬಿಟ್ಟಿದೆ. ಹಾಗಾಗಿ ನಾನು ಕೇಳುವುದು ವ್ಯಾಪಾರದ ಮಾತು. ಗೇಟಿನ ಒಳಗೆ ಒಂದು ಉದ್ದನೆಯ ಚಪ್ಪರ, ನಾಲ್ಕು ನಲ್ಲಿ, ಒಂದು ಎಂಜಲ ತೊಟ್ಟಿ. ಸ್ಟೀಲ್ ಡಬ್ಬಿ, ಬಾಳೆ ಎಲೆಗೆ ಒಪ್ಪಿಗೆ. ಗಾಜು, ಪ್ಲಾಸ್ಟಿಕ್, ಮದ್ಯಕ್ಕೆ ಇಲ್ಲ. ಚಪ್ಪರದ ಬದಿಯಲ್ಲಿ ಸುತ್ತಲಿನ ರೈತರಿಗೆ ನಾಲ್ಕೈದು ಅಂಗಡಿ, ಬಾಡಿಗೆಯ ಮೇಲೆಯೇ ಆಗಲಿ: ಎಳನೀರು, ಬಾಳೆಹಣ್ಣು, ಸೀಬೆ, ಬೇಯಿಸಿದ ಕಡಲೆಕಾಯಿ.

ಒಬ್ಬಿಬ್ಬರು ಟಿಕೆಟ್ ಕಿಟಕಿಯಲ್ಲಿ ನಿಂತು ಕೇಳಿದರೆ ನಡೆಯದು. ನೂರು, ಇನ್ನೂರು ಟಿಕೆಟ್ ಒಟ್ಟಿಗೆ ತೆಗೆಯುವವರು ನಮ್ಮಲ್ಲಿದ್ದಾರೆ: ಶಾಲೆಯ ಮೇಷ್ಟರುಗಳು, ತಿರುಪ್ಪೂರಿನ ಕಂಪನಿ ಮಾಲೀಕರು, ಮಂಡಿ ವರ್ತಕರ ಸಂಘದವರು. ಬೇಸಿಗೆ ರಜೆಗೆ ಮುಂಗಡ ಕಟ್ಟುವ ಮೊದಲು ಅವರು ಫೋನಿನಲ್ಲಿ ಒಂದೇ ಮಾತು ಕೇಳಲಿ. ನಮ್ಮ ಜನ ಬುತ್ತಿ ತರ್ತಾರೆ, ಕೂತು ಉಣ್ಣೋಕೆ ಎಲ್ಲಿ ಜಾಗ ಮಾಡಿದ್ದೀರಿ?