ಹೋರಿಯ ಅಭಿಮಾನಿಗಳೂ ಅಖಾಡದ ಬೇಲಿಯೂ

2025ರ ದೀಪಾವಳಿಯ ಬಲಿಪಾಡ್ಯಮಿಯಂದು ಹಾವೇರಿ ಸೀಮೆಯಲ್ಲಿ ವಾಡಿಕೆಯಂತೆ ಹೋರಿಹಬ್ಬ ಮೊದಲಾಯಿತು. ಹಬ್ಬದ ಆ ದಿನಗಳಲ್ಲಿಯೇ ಹಾವೇರಿ, ಹಾನಗಲ್ಲ ತಾಲೂಕುಗಳಲ್ಲಿ ಬೆದರಿ ಓಡಿದ ಹೋರಿಗಳ ತಿವಿತಕ್ಕೆ ಮನುಷ್ಯರ ಪ್ರಾಣಗಳು ಹೋದವು. ಸತ್ತವರಲ್ಲಿ 70 ವರುಷ ದಾಟಿದ ವೃದ್ಧರಿದ್ದರು. ಅವರು ಅಖಾಡಕ್ಕೆ ಇಳಿದವರಲ್ಲ, ಕೊಬ್ಬರಿ ಹರಿಯಲು ಹೋದವರಲ್ಲ. ತಮ್ಮ ಪಾಡಿಗೆ ತಾವಿದ್ದವರ ಮೇಲೆ ಹೋರಿ ಬಂದೆರಗಿತು, ಅಷ್ಟೆ.

ಈ ವಾರ್ತೆಯಿಂದ ನಮಗಾದ ಖೇದಕ್ಕಿಂತ, ಆ ಬಳಿಕ ನಮ್ಮ ಕಿವಿಗೆ ಬಿದ್ದ ಮಾತುಗಳಿಂದಾದ ಖೇದವು ಹೆಚ್ಚಿನದು. ಚಹದ ಅಂಗಡಿಗಳ ಮುಂದೆ, ಬಸ್ಸಿನ ನಿಲ್ದಾಣಗಳಲ್ಲಿ, ತರುಣರ ಕೈಯ ಮೊಬಾಯಿಲುಗಳಲ್ಲಿ ನಡೆದ ಚರ್ಚೆಯೇ ಬೇರೆ. ಯಾವ ಹೋರಿ ಒಂದು ಕೊಬ್ಬರಿಯನ್ನೂ ಬಿಟ್ಟುಕೊಡದೆ ಪಾರಾಯಿತು, ಯಾವ ಹೋರಿಯ ಕೊಬ್ಬರಿ ನಿಜವಾಗಿ ಕೈಗೆ ಬಂದಿತೋ ಇಲ್ಲವೋ, ಯಾವ ಊರಿನ ಕಮಿಟಿಯವರು ಯಾರ ಮೋರೆ ನೋಡಿ ಬಹುಮಾನ ಕೊಟ್ಟರು, ಇವೇ ಅಲ್ಲಿಯ ವಾದಗಳು. ಒಂದು ಓಟದ ಹತ್ತು ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ವಾದಿಸುವ ಈ ಜಾಣ ತರುಣರಲ್ಲಿ ಓಟದ ತುದಿಯಲ್ಲಿ ಬೇಲಿ ಏಕೆ ಇದ್ದಿಲ್ಲವೆಂದು ಕೇಳಿದವರು ವಿರಳ.

ಈ ಸೀಮೆಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳಿಗಾಗಿ ಎರಡು ಮಾತು. ಮೊದಲು ಇದು ಊರ ಅಗಸಿಯ ಹಬ್ಬ. ಪಾಡ್ಯಮಿಯ ದಿನ ರೈತನು ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕೊಬ್ಬರಿಯ ಸರ ಕಟ್ಟಿ ಓಡಿಸುತ್ತಿದ್ದನು. ಊರ ಹುಡುಗರು ಸರಕ್ಕೆ ಕೈ ಹಾಕುತ್ತಿದ್ದರು. ಈಗ ಅದು ದೀಪಾವಳಿಯಿಂದ ಬೇಸಿಗೆಯ ಮೊದಲವರೆಗೆ ಊರಿಂದೂರಿಗೆ ಸಾಗುವ ಸ್ಪರ್ಧೆಯಾಗಿದೆ. ಹಸ್ತಪತ್ರಿಕೆಗಳು ಅಚ್ಚಾಗುತ್ತವೆ; ಪ್ರವೇಶದ ಹಣವುಂಟು; ಬಂಗಾರ, ಮೋಟಾರು ಸೈಕಲ್ಲು, ತಿಜೋರಿಗಳು ಬಹುಮಾನ. ಹಾವೇರಿಯ ಮಗ್ಗುಲಲ್ಲಿ ಇಂದು ಓಡಿದ ಹೋರಿ ನಾಳೆ ರಾಣೆಬೆನ್ನೂರಿನ ಕಡೆ ಕಾಣಿಸುವದು, ಅದರಾಚೆಯ ವಾರ ಬ್ಯಾಡಗಿಯ ಹಳ್ಳಿಯಲ್ಲಿ. ಅಖಾಡದ ಎರಡು ಬದಿಗೆ ಸಾವಿರಾರು ಜನ ಗೋಡೆಯಂತೆ ನಿಲ್ಲುವರು. ನಡುವೆ ಹೋರಿ ಹಾಯುವದು. ಅದೇ ಗೋಡೆಯೊಳಗಿನಿಂದ ಹುಡುಗರು ಜಿಗಿದು ಕೊಬ್ಬರಿಗೆ ಕೈ ಚಾಚುವರು. ಇಲ್ಲಿ ಪ್ರೇಕ್ಷಕನೇ ಬೇಲಿ, ಪ್ರೇಕ್ಷಕನೇ ಎದುರಾಳಿ. ಇಂಥ ಆಟ ಲೋಕದಲ್ಲಿ ಹೆಚ್ಚಿಲ್ಲ.

ಈ ಅಭಿಮಾನವನ್ನು ಪಟ್ಟಣದ ಓದುಬಲ್ಲ ಜನರು ಹಗುರಾಗಿ ನೋಡುವದು ರೂಢಿಯಾಗಿದೆ. ಒಂದು ಪಶುವಿಗೆ ಸಿನೇಮಾ ನಾಯಕನ ಬಿರುದಿಟ್ಟು, ಅದರ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ, ಧ್ವಜ ಹಿಡಿದು ಕುಣಿಯುವದನ್ನು ಕಂಡು ಅವರು ನಗುತ್ತಾರೆ. ಪುನೀತ ರಾಜಕುಮಾರರು 2021ರಲ್ಲಿ ತೀರಿಕೊಂಡ ಮೇಲೆ ಎಷ್ಟೋ ಹೋರಿಗಳ ಮೈಮೇಲೆ ಅವರ ಭಾವಚಿತ್ರಗಳು ಬಂದವು. ಹೆಸರಾದ ಹೋರಿ ಸತ್ತರೆ ಅಲಂಕರಿಸಿ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತಾರೆ. ನಾವಾದರೋ ಇದರಲ್ಲಿ ನಗುವಂಥದ್ದನ್ನು ಕಾಣೆವು. ಟ್ರ್ಯಾಕ್ಟರು ಬಂದ ಬಳಿಕ ನೊಗದಿಂದ ಬಿಡುಗಡೆಯಾದ ಎತ್ತು ಕೊಟ್ಟಿಗೆಯಿಂದಲೂ ಹೋಗುತ್ತಿರುವ ಕಾಲವಿದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದು, ತೋಪಿನ ಗಾಡಿಗಳನ್ನು ಎಳೆದ ತಳಿಯೂ, ಹಳ್ಳಿಕಾರ ತಳಿಯೂ ಇಂದು ಒಬ್ಬ ಸಾಮಾನ್ಯ ರೈತನ ಹಿತ್ತಲಲ್ಲಿ ಹುರುಳಿ, ಹಿಂಡಿ ತಿಂದು ಬಾಳುತ್ತಿದ್ದರೆ ಅದಕ್ಕೆ ಈ ಹಬ್ಬವೂ ಒಂದು ಕಾರಣ. ಉಳದ ಎತ್ತಿಗೆ ಲಕ್ಷಗಟ್ಟಲೆ ಸುರಿಯುವ ರೈತನು ಲೆಕ್ಕ ಬಾರದವನಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ಮಾನವೆಂಬ ಕಲಮೂ ಉಂಟು.

ಹೀಗೆ ಅಭಿಮಾನವನ್ನು ಗೌರವಿಸುತ್ತಲೇ, ಅದು ಎಲ್ಲಿ ದಾರಿ ತಪ್ಪಬಲ್ಲದೆಂಬುದನ್ನು ತಿಳಿಯಲು ದೂರದ ಒಂದು ಉದಾಹರಣೆಯನ್ನು ನೋಡೋಣ. ನಮ್ಮಲ್ಲಿ ಹೋರಿಗಳು ಓಡುತ್ತಿದ್ದ ಅದೇ ತಿಂಗಳುಗಳಲ್ಲಿ ಫಾರ್ಮುಲಾ ವನ್ ಎಂಬ ಮೋಟಾರು ಪಂದ್ಯದ 2025ರ ಸಾಲು ತುದಿ ಮುಟ್ಟಿತು. ನಮ್ಮ ದೇಶದಲ್ಲಿ ಈ ಪಂದ್ಯವು 2011ರಿಂದ 2013ರವರೆಗೆ ಮೂರೇ ಸಲ, ದಿಲ್ಲಿಯ ಬಳಿ ನಡೆದು ನಿಂತುಹೋಯಿತು. ಆದರೂ ಅದರ ಅಭಿಮಾನಿಗಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಇದಕ್ಕಿಂತ ಒಂದು ಮೆಟ್ಟಲು ಕೆಳಗಿನ ಫಾರ್ಮುಲಾ ಟೂ ಪಂದ್ಯದಲ್ಲಿ ಬೆಂಗಳೂರಿನ ಕುಶ್ ಮೈನಿ ಅದೇ ವರ್ಷದ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಗೆದ್ದುದು ಅವರ ಸಂಖ್ಯೆಯನ್ನು ಹೆಚ್ಚಿಸಿದ್ದರೆ ಆಶ್ಚರ್ಯವಿಲ್ಲ.

24 ಪಂದ್ಯಗಳ ಕೊನೆಯಲ್ಲಿ ಮ್ಯಾಕ್ಲಾರೆನ್ ತಂಡದ ಲ್ಯಾಂಡೋ ನಾರಿಸ್ ಅವರಿಗೆ 423 ಅಂಕ, ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ಅವರಿಗೆ 421. (ಲೋಕದ ಅತಿವೇಗದ ಬಂಡಿಯವರೂ ತಮ್ಮ ತಂಡಕ್ಕೆ ಹೋರಿಯ ಹೆಸರನ್ನೇ ಹಿಡಿದುದನ್ನು ಕಂಡರೆ ನಮ್ಮ ಹಾವೇರಿಯವರು ಹಿಗ್ಗಬಹುದು.) ಎರಡೇ ಅಂಕದ ಈ ಅಂತರವು ವಾದಪ್ರಿಯರಿಗೆ ಹಬ್ಬವಾಯಿತು. ಸೆಪ್ಟಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ, ಚಕ್ರ ಬದಲಿಸುವ ತಡದಿಂದ ನಾರಿಸ್ ಹಿಂದೆ ಬೀಳಲಾಗಿ, ಅವರ ತಂಡದವರೇ ಆದ ಪಿಯಾಸ್ಟ್ರಿ ಎರಡನೆಯ ಸ್ಥಾನವನ್ನು ಅವರಿಗೆ ಮರಳಿ ಬಿಟ್ಟುಕೊಡುವಂತೆ ಅಪ್ಪಣೆಯಾಯಿತು. ಎರಡನೆಯವನಿಗೆ 18 ಅಂಕ, ಮೂರನೆಯವನಿಗೆ 15. ಆ ಮೂರು ಅಂಕಗಳನ್ನು ಕಳೆದರೆ ನಾರಿಸ್ ಅವರಿಗೆ ಉಳಿಯುವದು 420. ಪಟ್ಟ ವರ್ಸ್ಟಾಪನ್ ಅವರದು! ಲೆಕ್ಕವೇನೋ ತಪ್ಪಲ್ಲ. ಆದರೆ ಲೆಕ್ಕದ ಸಿಟ್ಟು ಬಹುಬೇಗ ಬಾಯಿಗೆ ಬರುತ್ತದೆ. ಅಕ್ಟೋಬರಿನಲ್ಲಿ ಮೆಕ್ಸಿಕೋದಲ್ಲಿ ಗೆದ್ದು ನಿಂತ ನಾರಿಸ್ ಅವರನ್ನು ನೆರೆದ ಜನ ಹುಯಿಲೆಬ್ಬಿಸಿ ಹೀಯಾಳಿಸಿದರು. ನವಂಬರಿನ ಕೊನೆಗೆ ಕತಾರಿನಲ್ಲಿ ಆಂಟೊನೆಲ್ಲಿ ಎಂಬ 19 ವರ್ಷದ ಹುಡುಗನ ಬಂಡಿ ಕೊನೆಯಲ್ಲಿ ಜಾರಿ, ನಾರಿಸ್ ಅವರಿಗೆ ಒಂದು ಸ್ಥಾನ ದೊರೆತುದಕ್ಕೆ, ಅವನು ಬೇಕೆಂದೇ ದಾರಿ ಬಿಟ್ಟನೆಂದು ಎದುರು ತಂಡದವರಿಂದಲೇ ಮಾತು ಬಂದಿತು. ಅಷ್ಟೇ ಸಾಕಾಯಿತು, ಆ ಹುಡುಗನ ಮೇಲೆ ಬೈಗಳ, ಕೊಲೆಬೆದರಿಕೆಗಳ ಮಳೆ ಸುರಿಯಿತು. ಮರುದಿನ ರೆಡ್ ಬುಲ್ ತಂಡವು ತನ್ನ ಮಾತು ತಪ್ಪೆಂದು ಒಪ್ಪಿ ವಿಷಾದ ಸೂಚಿಸಬೇಕಾಯಿತು.

ಮೋಟಾರು ಪಂದ್ಯದ ಅಭಿಮಾನಿ ನಮ್ಮವನಿಗಿಂತ ಸುಸಂಸ್ಕೃತನೆಂದು ತಿಳಿದವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಭೇದವಿರುವದು ಅಭಿಮಾನದಲ್ಲಲ್ಲ, ಬೇಲಿಯಲ್ಲಿ. ಅವರ ಬೇಲಿಯಾದರೂ ಬಿಟ್ಟಿಯಾಗಿ ಬಂದುದಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲಮಾನ್ ಪಂದ್ಯದಲ್ಲಿ ಒಂದು ಬಂಡಿ ಜನಸ್ತೋಮದ ಮೇಲೆ ಹಾರಿಬಿದ್ದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಸ್ವಿಟ್ಜರ್ಲೆಂಡ್ ದೇಶವು ಇಂಥ ಪಂದ್ಯವನ್ನೇ ನಿಷೇಧಿಸಿತು. 1961ರಲ್ಲಿ ಇದೇ ಮೊಂಜಾದಲ್ಲಿ ಒಬ್ಬ ಚಾಲಕನೊಡನೆ 15 ಪ್ರೇಕ್ಷಕರು ಮಡಿದರು. ಆ ಬಳಿಕ ವರ್ಷ ವರ್ಷವೂ ಜನರನ್ನು ಹಿಂದೆ ಸರಿಸುತ್ತ, ಗೋಡೆ ಏರಿಸುತ್ತ, ಬಂಡಿ ದಾರಿ ತಪ್ಪಿದರೆ ಓಡಿ ನಿಲ್ಲಲು ಬಯಲು ಬಿಡುತ್ತ ಅವರು ನಡೆದರು. ಇಂದು ಅಲ್ಲಿಯ ಪ್ರೇಕ್ಷಕನ ಸಿಟ್ಟಿಗೆ ಪ್ರಾಣ ಹೋಗುವದಿಲ್ಲ, ಮಾನ ಮಾತ್ರ ಹೋಗುತ್ತದೆ. ನಮ್ಮಲ್ಲಿಯ ಸ್ಥಿತಿ ಇನ್ನೂ 1955ರದು.

ಬೇಲಿಯ ಮಾತು ಬಂದೊಡನೆ ನಮ್ಮ ತರುಣರು ಹಬ್ಬವನ್ನು ನಿಲ್ಲಿಸುವ ಹುನ್ನಾರವಿದೆಂದು ಶಂಕಿಸುತ್ತಾರೆ. ಶಂಕೆಗೆ ಕಾರಣವಿಲ್ಲದಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಓಟಗಳನ್ನೂ ನಿಷೇಧಿಸಿದ ಮೇಲೆ ಈ ಸೀಮೆಯವರು ವರ್ಷಗಟ್ಟಲೆ ಕಳ್ಳರಂತೆ ಹಬ್ಬ ಮಾಡಬೇಕಾಯಿತು. ಕರ್ನಾಟಕ ಸರಕಾರವು 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದು ಪಟಾಕಿ ಹಾರಿಸಿದವರು ತೀರ್ಪಿನ ಕೊನೆಯ ಭಾಗವನ್ನು ಓದಿದ ಹಾಗೆ ತೋರುವದಿಲ್ಲ. ಕಾಯಿದೆಯ ಷರತ್ತುಗಳನ್ನು ಕಟ್ಟುನಿಟ್ಟಾಗಿ ಜಾರಿಗೆ ತರುವ ಹೊಣೆಯನ್ನು ಆ ತೀರ್ಪು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲೆ ಹೆಸರೆತ್ತಿ ಹೊರಿಸಿದೆ. ಹಬ್ಬಕ್ಕೆ ದೊರೆತ ಬಿಡುಗಡೆಯು ಷರತ್ತಿನ ಬಿಡುಗಡೆ. ಇನ್ನೆರಡು ದೀಪಾವಳಿಗಳು 2025ರಂತೆ ಹೋದರೆ, ಪ್ರಾಣಿದಯೆಯ ಸಂಘದವರು ಮತ್ತೆ ಕೋರ್ಟಿನ ಮೆಟ್ಟಲೇರಬೇಕಾಗಿಲ್ಲ; ಸತ್ತವರ ಮನೆಯವರೇ ಏರುವರು. ಅವರಿಗೆ ಇದಿರಾಗಿ ಯಾವ ವಕೀಲರು ಸಂಸ್ಕೃತಿಯ ಮಾತನ್ನಾಡಬಲ್ಲರು?

ಅಧಿಕಾರಿವರ್ಗಕ್ಕೂ ನಾವು ನಿಷ್ಠುರವಾಗಿ ಒಂದು ಮಾತು ಹೇಳಬೇಕಾಗಿದೆ. ಪರವಾನಿಗೆ ಕೇಳಿದವರಿಗೆ ಹತ್ತು ಷರತ್ತುಗಳ ಕಾಗದ ಕೊಟ್ಟು, ಅನಾಹುತವಾದ ಮೇಲೆ ಸಂಘಟಕರ ಮೇಲೆ ಖಟ್ಲೆ ಹಾಕುವದು ಆಡಳಿತವಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಮುಂದೆ ಕ್ರಿಕೆಟ್ಟಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ರಾಜಧಾನಿಯಲ್ಲಿಯೇ ಹೀಗಾಗುವದಾದರೆ ಹಳ್ಳಿಯ ಅಖಾಡದ ಗತಿ ಏನು? ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿಗೆ ವಾಹನಗಳು ಸುಟ್ಟುಹೋದುದನ್ನು ನಮ್ಮ ಜಿಲ್ಲೆಯ ಪೊಲೀಸರು ಮರೆತಿರಲಾರರು. ಅದು ಹೊಟ್ಟೆಯ ಸಿಟ್ಟು, ಇದು ಅಭಿಮಾನದ ಉಬ್ಬರ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಅನ್ಯಾಯವೆಂದು ಬಲ್ಲೆವು. ಆದರೆ ಸಾವಿರಾರು ಜನ ಕೂಡಿದಲ್ಲಿ ಬೆರಳೆಣಿಕೆಯ ಪೇದೆಗಳು ಏನೂ ಮಾಡಲಾರರೆಂಬುದು ಎರಡು ಕಡೆಗೂ ಒಂದೇ.

ಆದುದರಿಂದ ಈ ಕೆಲಸವು ಅಭಿಮಾನಿಗಳಿಂದಲೇ ಆಗಬೇಕೆಂದು ನಮ್ಮ ಅಭಿಪ್ರಾಯ. ಮೋಟಾರು ಪಂದ್ಯಕ್ಕೆ ಪ್ಯಾರಿಸಿನಲ್ಲಿ ಒಂದು ಮಹಾಸಂಸ್ಥೆಯಿದೆ. ಅಭಿಮಾನಿ ಕೂಗಬಲ್ಲನೇ ಹೊರತು ನಿಯಮ ಮಾಡಲಾರ. ನಮ್ಮಲ್ಲಿ ಹಾಗಲ್ಲ. ಹೋರಿಯನ್ನು ಸಾಕಿದವನು, ಅದರ ಧ್ವಜ ಹಿಡಿದವನು, ಕಮಿಟಿಯಲ್ಲಿ ಕುಳಿತವನು ಎಲ್ಲರೂ ಒಂದೇ ಓಣಿಯವರು. ಅವರು ಮನಸ್ಸು ಮಾಡಿದರೆ ಮೂರು ತಾಲೂಕುಗಳ ಕಮಿಟಿಗಳು ಒಂದು ಸಂಜೆ ಕೂಡಿ ನಿಯಮಗಳನ್ನು ಬರೆಯಬಹುದು. ಅಖಾಡದ ಎರಡು ಬದಿಗೆ ಗಟ್ಟಿ ಗಳಗಳ ಜೋಡುಬೇಲಿ. ಕೊಬ್ಬರಿ ಹರಿಯುವವರ ಹೆಸರು ಬರೆದುಕೊಂಡು ಅವರನ್ನು ಮಾತ್ರ ಒಳಗೆ ಬಿಡುವದು. ಕುಡಿದವನನ್ನು ಹೊರಗೆ ಹಾಕುವದು. ಕಿವಿಗಡಚಿಕ್ಕುವ ಧ್ವನಿವರ್ಧಕಗಳನ್ನು ಹೋರಿಯಿಂದ ದೂರವಿಡುವದು. ಎಲ್ಲಕ್ಕೂ ಮುಖ್ಯವಾದುದು ಓಟದ ತುದಿ. ಅಖಾಡ ಮುಗಿದ ಮೇಲೆ ಹೋರಿ ಎಲ್ಲಿಗೆ ಹೋಗುತ್ತದೆಂಬುದನ್ನು ಇಂದು ಯಾರೂ ಯೋಚಿಸುವದಿಲ್ಲ. ಗೆದ್ದ ಹೋರಿ ಗೆದ್ದೆನೆಂದು ಅರಿಯದು. ಬೆದರಿದ ಅದು ಕಂಡ ಓಣಿಗೆ ನುಗ್ಗುವದು. ಅಲ್ಲಿ ಕಟ್ಟೆಯ ಮೇಲೆ ಒಬ್ಬ ಮುದುಕ ಕುಳಿತಿರುತ್ತಾನೆ, ಶಾಲೆಯಿಂದ ಮಕ್ಕಳು ಬರುತ್ತಿರುತ್ತಾರೆ. ತುದಿಯಲ್ಲಿ ಹೋರಿ ಓಡಿ ದಣಿದು ನಿಲ್ಲುವಷ್ಟು ಬೇಲಿ ಕಟ್ಟಿದ ಹೊಲ ಬೇಕು, ಅದನ್ನು ಹಿಡಿಯಲು ಅದರ ಪರಿಚಯದ ಕೈಗಳು ಬೇಕು. ಊರ ನಡುವಿನ ರಸ್ತೆಯಲ್ಲಿ ಇದು ಸಾಧ್ಯವಿಲ್ಲದಿದ್ದರೆ ಅಲ್ಲಿ ಸ್ಪರ್ಧೆ ಬೇಡ.

ಹಣವೆಲ್ಲಿಂದ ಎಂದು ಕೇಳುವರು. ಬಹುಮಾನದ ಮೋಟಾರು ಸೈಕಲ್ಲುಗಳಲ್ಲಿ ಒಂದನ್ನು ಕಡಿಮೆ ಮಾಡಲಿ. ಹಸ್ತಪತ್ರಿಕೆಯಲ್ಲಿ ಮೊದಲನೆಯ ಬಹುಮಾನಕ್ಕಿಂತ ಮೇಲೆ ಬೇಲಿಯ ಉದ್ದವನ್ನೂ, ಓಟದ ತುದಿಯ ಹೊಲ ಯಾರದೆಂಬುದನ್ನೂ ಅಚ್ಚು ಹಾಕಿಸಲಿ. ಅಂಥ ಹಸ್ತಪತ್ರಿಕೆ ಹಾವೇರಿಯಿಂದಾಗಲಿ, ರಾಣೆಬೆನ್ನೂರಿನಿಂದಾಗಲಿ, ಬ್ಯಾಡಗಿಯಿಂದಾಗಲಿ ನಮ್ಮ ಕೈಗೆ ಬಂದರೆ ಅದನ್ನು ಇದೇ ಪುಟದಲ್ಲಿ ಬಿಟ್ಟಿಯಾಗಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.